ಪೋಸ್ಟ್‌ಮ್ಯಾನ್ ಸೈಕಲ್ ತುಳಿದ ಊರಿಗೆ...

ಷೂಟಿಂಗ್ ನಡೆದ ಜಾಗ ನೋಡುವ ಹುಚ್ಚು ನಮಗೆ ಹೊಸದೇನಲ್ಲ. ಮೇಲುಕೋಟೆಯ ಕಲ್ಯಾಣಿ, ಆಗುಂಬೆಯ ದೊಡ್ಡಮನೆ... ಬಸ್ ಹತ್ತಿ ಹೋಗಿ ನೋಡಿ ಬಂದವರು ನಮ್ಮಲ್ಲಿ ಎಷ್ಟು ಜನ! ಅದೇ ಹುಚ್ಚು ನನ್ನನ್ನು ಫ್ರಾನ್ಸಿನ ನಡುನಾಡಿಗೆ ಎಳೆದೊಯ್ದಿತು. ಪ್ಯಾರಿಸ್‌ನಿಂದ ಷಾತೋರೂ ತನಕ ರೈಲು. ಅಲ್ಲಿಂದ ಬಾಡಿಗೆ ಸೈಕಲ್. ಸುಮಾರು 50 ಕಿಲೋಮೀಟರ್ ತುಳಿದರೆ ಸೇಂತ್ ಸೆವೇರ್ ಎಂಬ ಪುಟ್ಟ ಊರು. ದಾರಿಗೆ ಜೊತೆ ಆಂದ್ರ್ ನದಿ. ಆಂಧ್ರ ಅಲ್ಲ ಸ್ವಾಮಿ, ಆಂದ್ರ್!

ಆ ಊರಿನಲ್ಲಿ 1947ರಲ್ಲಿ ಜಾಕ್ ತಾತಿ 'ಜೂರ್ ದ ಫೆತ್' ಚಿತ್ರ ತೆಗೆದ. ಅಂದರೆ 'ಜಾತ್ರೆಯ ದಿನ'. ನಿರ್ದೇಶಕನೂ ಅವನೇ, ಹೀರೋನೂ ಅವನೇ. ಹೀರೋ ಅಂದರೆ ಯಾರು? ಒಬ್ಬ ಪೆದ್ದು ಪೋಸ್ಟ್‌ಮ್ಯಾನ್! ಜಾತ್ರೆಯ ಟೆಂಟ್ ಸಿನಿಮಾದಲ್ಲಿ ಅಮೆರಿಕದ ಅಂಚೆಯವರ ಸ್ಪೀಡ್ ನೋಡಿ, ತಾನೂ ಹಾಗೇ ಹಂಚುತ್ತೇನೆಂದು ಸೈಕಲ್ ಓಡಿಸಿ ಓಡಿಸಿ ಕೊನೆಗೆ ನೀರಿಗೇ ಬೀಳುತ್ತಾನೆ.

ಬೆಳಿಗ್ಗೆ ಹೊರಟೆ. ಬಲಗಡೆ ಓಡಿಸಬೇಕೆಂಬುದು ಮರೆತು ಎರಡು ಸಲ ಹಾರ್ನ್ ತಿಂದೆ. ಆರ್ದಾಂತ್ ದಾಟಿದ ಮೇಲೆ ಹೊಲ, ಬೇಲಿ, ಬಿಳಿ ದನಗಳು. ನದಿ ಒಮ್ಮೆ ಮರಗಳ ಸಂದಿಯಲ್ಲಿ ಮಿಂಚಿ, ಮತ್ತೆ ಮಾಯ. ಲೇಖಕಿ ಜಾರ್ಜ್ ಸಾಂಡ್ ಬಾಳಿದ ನೋಆಂ ತಲುಪಿದಾಗ ನಡುಮಧ್ಯಾಹ್ನ. ಆ ಹೊತ್ತಿಗೆ ಅಲ್ಲಿನ ಹಳ್ಳಿಗಳಲ್ಲಿ ಅಂಗಡಿಗಳಿಗೆ ಬಾಗಿಲು! ಬಾಟ್ಲಿಯಲ್ಲಿ ನೀರಿಲ್ಲ. ಕೊನೆಗೆ ಸಿಕ್ಕಿದ್ದು ಸ್ಮಶಾನದ ನಲ್ಲಿ. ಹೂಗಿಡಗಳಿಗೆ ಹಾಕಲೆಂದು ಇಟ್ಟ ನಲ್ಲಿಯಂತೆ; ಅಲ್ಲಿನ ಸೈಕಲ್ ಸವಾರರಿಗೆಲ್ಲ ಅದೇ ಗತಿ. ಹೊಟ್ಟೆ ತುಂಬ ಕುಡಿದೆ.

ಲಾ ಶಾತ್ರ್ ದಾಟಿದ ಮೇಲೆ ಏರು. ಕೊನೆಯ ದಿಬ್ಬದಲ್ಲಿ ಚೈನ್ ಕಳಚಿತು. ಕೈಯೆಲ್ಲ ಗ್ರೀಸ್. ತಳ್ಳಿಕೊಂಡು ನಡೆಯುತ್ತಿದ್ದಾಗ ಹಳದಿ ಬಣ್ಣದ ಅಂಚೆ ವ್ಯಾನ್ ಒಂದು ಸುಂಯ್ ಅಂತ ಪಕ್ಕದಲ್ಲೇ ಹೋಯಿತು. ನಗು ಬಂತು. ಅಂತೂ ಪೋಸ್ಟ್‌ಮ್ಯಾನ್ ಸ್ಪೀಡ್ ಕಲಿತುಬಿಟ್ಟ!

ಊರ ಚೌಕದಲ್ಲಿ ಹಳೆಯ ಮರದ ಸಂತೆಕಟ್ಟೆ ಹಾಗೇ ನಿಂತಿದೆ. ಚಿತ್ರದ ನೆನಪಿಗೆ ಒಂದು ಮ್ಯೂಸಿಯಂ ಕೂಡ ಇದೆ. ಆದರೆ ನನಗೆ ಬೇಕಾಗಿದ್ದು ಬೇರೆ. ತಾತಿ ಈ ಚಿತ್ರವನ್ನು ಕಲರ್‌ನಲ್ಲಿ ತೆಗೆದಿದ್ದ. ಜಾತ್ರೆ ಬಂದಾಗಲೇ ಊರಿಗೆ ಬಣ್ಣ ಬರಬೇಕೆಂದು ಬಾಗಿಲುಗಳಿಗೆ ಬೂದು ಬಣ್ಣ ಹೊಡೆಸಿ, ಊರಿನವರಿಗೆ ಮಾಸಲು ಬಟ್ಟೆ ತೊಡಿಸಿದ್ದ. ಆದರೆ ಆ ಹೊಸ ಕಲರ್ ಫಿಲ್ಮ್‌ನಿಂದ ಪ್ರಿಂಟ್ ತೆಗೆಯಲು ಆಗಲೇ ಇಲ್ಲ! ಪಕ್ಕದಲ್ಲಿ ಇನ್ನೊಂದು ಕ್ಯಾಮೆರಾ ಇಟ್ಟು ತೆಗೆದಿದ್ದ ಕಪ್ಪು-ಬಿಳುಪು ಚಿತ್ರವೇ 1949ರಲ್ಲಿ ಬಿಡುಗಡೆಯಾಯಿತು. 1982ರಲ್ಲಿ ತಾತಿ ತೀರಿಕೊಂಡ. ಮಗಳು ಸೋಫಿ ಮತ್ತು ಛಾಯಾಗ್ರಾಹಕ ಫ್ರಾಂಸ್ವಾ ಎದ್ ಹಳೇ ನೆಗೆಟಿವ್‌ಗೆ ಜೀವ ಕೊಟ್ಟು, 1995ರಲ್ಲಿ ಕಲರ್ ಚಿತ್ರ ತೆರೆಗೆ ಬಂತು. ಅಪ್ಪ ನೋಡಲಿಲ್ಲ.

ನಾನು ಕಂಡದ್ದೂ ಕಪ್ಪು-ಬಿಳುಪನ್ನೇ. ಸಂತೆಕಟ್ಟೆಯ ಕಂಬಕ್ಕೆ ಸೈಕಲ್ ಒರಗಿಸಿ ಕೂತೆ. ಸಂಜೆ ಬಿಸಿಲು. ಕಿಟಕಿಗಳಲ್ಲಿ ಕೆಂಪು ಹೂವು, ಒಂದು ನೀಲಿ ಬಾಗಿಲು, ಹಸಿರು ಕುರ್ಚಿಯಲ್ಲಿ ಕೂತ ಅಜ್ಜ. ನನ್ನ ಕಪ್ಪು ಕೈ ನೋಡಿ ಅವರು ಮಾತಿಲ್ಲದೆ ಒಂದು ಹಳೇ ಬಟ್ಟೆ ಚಾಚಿದರು. ಅದೂ ಹಳದಿ.

ಕೈ ಒರೆಸಿಕೊಂಡು, ಕತ್ತಲಾಗುವ ತನಕ ಬಣ್ಣ ನೋಡುತ್ತಾ ಕೂತಿದ್ದೆ.