ನಮಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಿರಿ

ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಸಾಗರದ ನಮ್ಮ ಬೀದಿಯ ಅಡಿಕೆ ವ್ಯಾಪಾರಿಯೊಬ್ಬರು ಕಪ್ಪು ಬಣ್ಣದ ಸ್ಕೋಡಾ ಆಕ್ಟೇವಿಯಾ ತಂದರು. ಅಲ್ಲಿಯವರೆಗೆ ನಮಗೆ ಗೊತ್ತಿದ್ದ ಕಾರುಗಳು ಅಂದ್ರೆ ಮಾರುತಿ 800, ಓಮ್ನಿ, ಅಂಬಾಸಡರ್ ಮತ್ತು ಮದುವೆ ದಿಬ್ಬಣಕ್ಕೆ ಬರುತ್ತಿದ್ದ ಟಾಟಾ ಸುಮೋ. ಆಕ್ಟೇವಿಯಾದ ಬಾಗಿಲು ಹಾಕಿದರೆ ಆ ಕಾರುಗಳ ಥರ 'ಟಕ್' ಅನ್ನುತ್ತಿರಲಿಲ್ಲ. ಕಬ್ಬಿಣದ ಬೀರು ಮುಚ್ಚಿದ ಹಾಗೆ 'ಧಪ್' ಅನ್ನುತ್ತಿತ್ತು. ಆ ಸದ್ದು ಕೇಳೋಕಂತಲೇ ಅವರು ಮಂಡಿಗೆ ಹೊರಡುವ ಹೊತ್ತಿಗೆ ನಾವು ಹುಡುಗರು ಗೇಟಿನ ಹತ್ತಿರ ನಿಲ್ಲುತ್ತಿದ್ದೆವು. "ಜರ್ಮನ್ ಕಾರು ಕಣೋ ಅದು, ಮುಟ್ಟಬೇಡ" ಅಂತ ಅಪ್ಪ ಹೇಳಿದ್ದು ಇನ್ನೂ ನೆನಪಿದೆ.

ಇದನ್ನು ಹೋದ ವರ್ಷ ಪ್ರಾಗ್‌ನಲ್ಲಿ ಒಬ್ಬ ಸಹೋದ್ಯೋಗಿಗೆ ಹೇಳಿದೆ. ನಮ್ಮದು ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ ಕಂಪನಿ. ಅರ್ಧ ಟೀಮ್ ಬೆಂಗಳೂರಿನಲ್ಲಿ, ಅರ್ಧ ಪ್ರಾಗ್‌ನಲ್ಲಿ. ಮೂರು ವಾರದ ಕೆಲಸಕ್ಕೆ ಅಂತ ಹೋಗಿದ್ದೆ. ಸ್ಕೋಡಾ ಅಂದ್ರೆ ನಮ್ಮೂರಲ್ಲಿ ಸಾಹುಕಾರರ ಕಾರು ಅಂದಾಗ ಅವನು ಕಾಫಿ ಕೆಳಗಿಟ್ಟು ನಗೋಕೆ ಶುರು ಮಾಡಿದ. "ನಮ್ಮೂರು ಮ್ಲಾದಾ ಬೋಲೆಸ್ಲಾಫ್, ಸ್ಕೋಡಾ ಇರೋದು ಅಲ್ಲೇ. ಅಪ್ಪ ಅದೇ ಫ್ಯಾಕ್ಟರಿಯಲ್ಲಿ ರಿಟೈರ್ ಆದೋರು. ಶನಿವಾರ ಬಾ, ಈ ಮಾತು ಅವರ ಎದುರಿಗೆ ಹೇಳು, ಊಟ ಹಾಕ್ತಾರೆ" ಅಂದ.

ಪ್ರಾಗ್ ಮೆಟ್ರೋದ ಹಳದಿ ಲೈನಿನ ಕೊನೆ ಸ್ಟೇಷನ್ ಚೆರ್ನಿ ಮೋಸ್ತ್. ಅಲ್ಲಿಂದ ಬಸ್ಸಿನಲ್ಲಿ ಹತ್ತಿರ ಹತ್ತಿರ ಒಂದು ಗಂಟೆ. 'ಮ್ಲಾದಾ' ಅಂದ್ರೆ ಕಿರಿಯ ಅಂತ. ಸ್ಟಾರಾ ಬೋಲೆಸ್ಲಾಫ್ ಅಂದ್ರೆ ಹಳೆಯ ಬೋಲೆಸ್ಲಾಫ್ ಅಂತ ಇನ್ನೊಂದು ಊರಿದೆ, ಇದು ಚಿಕ್ಕದು. ನಮ್ಮಲ್ಲಿ ಹಿರೇ-ಚಿಕ್ಕ ಸೇರಿಸಿ ಊರಿಗೆ ಹೆಸರಿಡೋ ಹಾಗೇ.

ದಾರಿಯುದ್ದಕ್ಕೂ ಅವನು ಹೇಳಿದ್ದು ಸ್ಕೋಡಾ ಜೋಕುಗಳು. 1964ರಲ್ಲಿ '1000 ಎಂಬಿ' ಅಂತ ಒಂದು ಮಾಡೆಲ್ ಬಂತು. ಎಂಬಿ ಅಂದ್ರೆ ಮ್ಲಾದಾ ಬೋಲೆಸ್ಲಾಫ್. ಚೆಕ್ ಜನ ಅದೇ ಎರಡು ಅಕ್ಷರ ಇಟ್ಟುಕೊಂಡು 'ಸಾವಿರ ಸಣ್ಣ ನೋವುಗಳು' ಅಂತ ಬಿಡಿಸಿ ಓದಿದರು. ಬ್ರಿಟಿಷರಂತೂ ಎಂಬತ್ತರ ದಶಕದಲ್ಲಿ ಇದನ್ನೇ ಒಂದು ಕಸುಬು ಮಾಡಿಕೊಂಡಿದ್ದರು. ಸ್ಕೋಡಾದ ಬೆಲೆ ಡಬಲ್ ಮಾಡೋದು ಹೇಗೆ? ಪೆಟ್ರೋಲ್ ಟ್ಯಾಂಕ್ ತುಂಬಿಸಿ. ಹಿಂದಿನ ಗಾಜಿಗೆ ಹೀಟರ್ ಯಾಕೆ? ತಳ್ಳುವಾಗ ಕೈ ಬೆಚ್ಚಗಿರಲಿ ಅಂತ. ಒಂದೇ ಕಂಪನಿ, ಒಂದೇ ಹೆಸರು. ಲಂಡನ್ನಿನಲ್ಲಿ ಇದನ್ನು ಹೇಳಿ ನಕ್ಕು ಹದಿನೈದು-ಇಪ್ಪತ್ತು ವರ್ಷ ಆಗುವಷ್ಟರಲ್ಲಿ ಸಾಗರದಲ್ಲಿ ನಾವು ಅದರ ಬಾಗಿಲಿನ ಸದ್ದಿಗೆ ಕಿವಿ ಕೊಟ್ಟು ನಿಂತಿದ್ದೆವು.

ಮ್ಯೂಸಿಯಂ ಇರುವುದು ಹಳೆಯ ಫ್ಯಾಕ್ಟರಿ ಕಟ್ಟಡದಲ್ಲೇ. ರಸ್ತೆಯ ಹೆಸರು ವಾತ್ಸ್ಲಾಫ್ ಕ್ಲೆಮೆಂಟ್. ಒಳಗೆ ಹೋದರೆ ಕತೆ ಕಾರಿನಿಂದ ಶುರುವಾಗುವುದಿಲ್ಲ, ಸೈಕಲ್‌ನಿಂದ ಶುರುವಾಗುತ್ತದೆ. ಸೈಕಲ್ ಹೆಸರು 'ಸ್ಲಾವಿಯಾ'. ಬೆಂಗಳೂರಿನ ಟ್ರಾಫಿಕ್‌ನಲ್ಲಿ ದಿನಾ ಕಾಣುವ ಸ್ಕೋಡಾ ಸ್ಲಾವಿಯಾ ಕಾರಿನ ಹೆಸರು ಬಂದಿದ್ದು ಇದರಿಂದಲೇ.

ಅದರ ಮುಂದೆ ನಿಂತು ಅವನು ಹೇಳಿದ ಕತೆಯಿದು. ಕ್ಲೆಮೆಂಟ್ ಈ ಊರಿನಲ್ಲಿ ಪುಸ್ತಕದಂಗಡಿ ಇಟ್ಟುಕೊಂಡಿದ್ದವನು. ಆಗ ಇದೆಲ್ಲ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯ. ಮನೆಮಾತು ಚೆಕ್, ದೊಡ್ಡ ವ್ಯವಹಾರವೆಲ್ಲ ಜರ್ಮನ್. 1890ರ ದಶಕದಲ್ಲಿ ಯುರೋಪಿಗೆಲ್ಲ ಸೈಕಲ್ ಹುಚ್ಚು. ಅವನೂ ಡ್ರೆಸ್ಡೆನ್‌ನ ಜೈಡೆಲ್ ಉಂಟ್ ನೌಮಾನ್ ಕಂಪನಿಯ 'ಗೆರ್ಮಾನಿಯಾ' ಅನ್ನೋ ಸೈಕಲ್ ಕೊಂಡ. ಅದರಲ್ಲೇನೋ ದೋಷ. ರಿಪೇರಿಗೆ ಉಸ್ತಿ ಊರಿನಲ್ಲಿದ್ದ ಕಂಪನಿಯ ಬ್ರಾಂಚಿಗೆ ಚೆಕ್ ಭಾಷೆಯಲ್ಲಿ ಪತ್ರ ಬರೆದ. ಪತ್ರ ವಾಪಸ್ ಬಂತು. ಜೊತೆಗೆ ಜರ್ಮನ್‌ನಲ್ಲಿ ಒಂದು ಷರಾ: ಉತ್ತರ ಬೇಕಿದ್ದರೆ ನಮಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಿ ಅನ್ನೋ ಅರ್ಥದ್ದು.

"ಅವನಿಗೆ ಜರ್ಮನ್ ಬರ್ತಿರಲಿಲ್ವಾ?" ಅಂತ ಕೇಳಿದೆ.

"ಆ ಕಾಲದಲ್ಲಿ ಅಂಗಡಿ ನಡೆಸೋನಿಗೆ ಅಷ್ಟೋ ಇಷ್ಟೋ ಬಂದೇ ಬರುತ್ತೆ. ಇದ್ದದ್ದು ಚೆಕ್ ಜನರ ನಾಡಿನಲ್ಲಿ, ದುಡ್ಡು ಕೊಟ್ಟವನು ಅವನು. ಆ ಬ್ರಾಂಚಿನಲ್ಲಿ ಚೆಕ್ ಓದೋಕೆ ಬರೋರು ಒಬ್ಬರೂ ಇರಲಿಲ್ಲ ಅಂದ್ರೆ ನಾನು ನಂಬಲ್ಲ" ಅಂದ.

ನನಗೆ ಕಿವಿ ಬಿಸಿಯಾಯಿತು. ಯಾಕೆಂದರೆ, ಅದಕ್ಕೆ ನಾಲ್ಕು ತಿಂಗಳ ಹಿಂದೆ ಆ ಬ್ರಾಂಚಿನ ಗುಮಾಸ್ತ ನಾನೇ ಆಗಿದ್ದೆ.

ನಮ್ಮಲ್ಲಿ ಡೆವಲಪರ್‌ಗಳೂ ಸರದಿ ಪ್ರಕಾರ ಒಂದು ವಾರ ಸಪೋರ್ಟ್ ನೋಡಬೇಕು. ನನ್ನ ವಾರದಲ್ಲಿ ಹಾವೇರಿ ಕಡೆಯ ಒಂದು ಕಿರಾಣಿ ಅಂಗಡಿಯಿಂದ ಟಿಕೆಟ್ ಬಂತು. "ಸರ್, ಬಿಲ್ ಪ್ರಿಂಟ್ ಅರ್ಧಕ್ಕ ನಿಲ್ಲಾಕತ್ತೈತಿ. ಎರಡು ದಿನ ಆತು. ಸಂಜಿ ಗಿರಾಕಿ ಭಾಳ ಇರ್ತಾರ, ಲಗೂನ ನೋಡ್ರಿ." ಕೆಳಗೆ ಒಂದು ಫೋಟೋ. ಪ್ರತಿ ಅಕ್ಷರವೂ ನನಗೆ ಅರ್ಥವಾಗಿತ್ತು. ಆದರೆ ಟಿಕೆಟ್ ಇಂಗ್ಲಿಷಿನಲ್ಲಿರಬೇಕು ಅನ್ನೋದು ನಮ್ಮ ರೂಲ್, ಪ್ರಾಗ್‌ನವರೂ ಓದಬೇಕಲ್ಲ. ಅಂಥದ್ದಕ್ಕೆ ಅಂತಲೇ ಒಂದು ರೆಡಿಮೇಡ್ ಉತ್ತರ ಇದೆ, ದಯವಿಟ್ಟು ಇಂಗ್ಲಿಷಿನಲ್ಲಿ ತಿಳಿಸಿ ಅಂತ. ಬಟನ್ ಒತ್ತಿದೆ. ಇನ್ನೂ ನಲವತ್ತು ಟಿಕೆಟ್ ಬಾಕಿಯಿದ್ದವು. ಏಳು ದಿನ ಉತ್ತರ ಬರದಿದ್ದರೆ ಟಿಕೆಟ್ ತಾನಾಗೇ ಕ್ಲೋಸ್ ಆಗುತ್ತದೆ. ಅದೂ ಆಯಿತು.

ಸಹೋದ್ಯೋಗಿಗೆ ಇದನ್ನು ಆಗ ಹೇಳಲಿಲ್ಲ. ಕತೆ ಮುಂದುವರಿಸು ಅಂದೆ.

ಕ್ಲೆಮೆಂಟ್ ಇನ್ನೊಂದು ಪತ್ರ ಬರೆಯುವ ಗೋಜಿಗೆ ಹೋಗಲಿಲ್ಲ. ವಾತ್ಸ್ಲಾಫ್ ಲೌರಿನ್ ಅನ್ನೋ ಮೆಕ್ಯಾನಿಕ್ ಜೊತೆ ಸೇರಿ 1895ರ ಡಿಸೆಂಬರ್‌ನಲ್ಲಿ ಸೈಕಲ್ ರಿಪೇರಿ ಅಂಗಡಿ ತೆರೆದ. ಆಮೇಲೆ ಸ್ವಂತ ಸೈಕಲ್, ಅದಕ್ಕೆ ಸ್ಲಾವ್ ಜನರನ್ನು ನೆನಪಿಸುವ ಹೆಸರು. ಕಂಪನಿಗಳ ಹುಟ್ಟುಕತೆಗಳ ಬಗ್ಗೆ ನನಗೆ ಯಾವಾಗಲೂ ಸ್ವಲ್ಪ ಅನುಮಾನ. ಎಲ್ಲ ಸ್ಟಾರ್ಟಪ್‌ಗಳೂ ಗ್ಯಾರೇಜಿನಲ್ಲೇ ಹುಟ್ಟಿದ್ದು ಅನ್ನೋ ಥರ, ಹೇಳ್ತಾ ಹೇಳ್ತಾ ಪಾಲಿಶ್ ಆಗಿರುತ್ತವೆ. ಸೈಕಲ್‌ಗೆ ಅಷ್ಟು ಬೇಡಿಕೆ ಇದ್ದ ಕಾಲ, ಲೌರಿನ್ ಒಳ್ಳೆಯ ಕೆಲಸಗಾರ, ಪತ್ರ ವಾಪಸ್ ಬರದಿದ್ದರೂ ಅವರು ಅಂಗಡಿ ತೆರೆಯುತ್ತಿದ್ದರೇನೋ. ಆದರೆ ಭಾಷೆಯ ಬಿಸಿ ಸುಳ್ಳಲ್ಲ. ಎರಡೇ ವರ್ಷ ಬಿಟ್ಟು, 1897ರಲ್ಲಿ, ಇಲ್ಲಿನ ಸರ್ಕಾರಿ ನೌಕರರಿಗೆ ಚೆಕ್ ಮತ್ತು ಜರ್ಮನ್ ಎರಡೂ ಬರಬೇಕು ಅಂತ ವಿಯೆನ್ನಾದ ಪ್ರಧಾನಿ ಬಡೇನಿ ಆದೇಶ ಹೊರಡಿಸಿದಾಗ ಜರ್ಮನ್ ಭಾಷಿಕರು ಬೀದಿಗಿಳಿದರು. ಬಡೇನಿಯ ಕುರ್ಚಿ ಹೋಯಿತು, 1899ರಲ್ಲಿ ಆದೇಶವೂ ಹೋಯಿತು.

ಅದೇ 1899ರಲ್ಲಿ ಲೌರಿನ್-ಕ್ಲೆಮೆಂಟ್ ಮೋಟರ್‌ಸೈಕಲ್ ಮಾಡಿದರು. 1905ರಲ್ಲಿ ಫ್ರಾನ್ಸಿನ ದೂರ್ದಾಂ ಎಂಬಲ್ಲಿ ನಡೆದ ಅಂತರರಾಷ್ಟ್ರೀಯ ರೇಸನ್ನು ಅವರ ಬೈಕ್ ಗೆದ್ದಿತು. ಓಡಿಸಿದವನ ಹೆಸರು ವಾತ್ಸ್ಲಾಫ್ ವೊಂದ್ರ್ಷಿಖ್. ಈ ಕತೆಯಲ್ಲಿ ಇದು ಮೂರನೇ ವಾತ್ಸ್ಲಾಫ್, ನಮ್ಮಲ್ಲಿ ಮಂಜುನಾಥ ಇದ್ದ ಹಾಗೆ. ಅದೇ ವರ್ಷ ಮೊದಲ ಕಾರು, 'ವಾಯ್ಟುರೆಟ್ ಎ'. ಎರಡು ಸಿಲಿಂಡರ್, 7 ಅಶ್ವಶಕ್ತಿ, ಗಂಟೆಗೆ 40 ಕಿ.ಮೀ. ವೇಗ. ನನ್ನ ಸ್ಕೂಟರ್‌ಗೆ ಅದಕ್ಕಿಂತ ಹೆಚ್ಚು ಶಕ್ತಿಯಿದೆ. ಆದರೂ ಅದರ ಮುಂದೆ ಹತ್ತು ನಿಮಿಷ ನಿಂತಿದ್ದೆ. ಕುದುರೆ ಗಾಡಿಯ ಮೈ ಇನ್ನೂ ಪೂರ್ತಿ ಬಿಟ್ಟಿಲ್ಲ, ಕಾರಿನ ಮುಖ ಆಗಲೇ ಬಂದಿದೆ.

ಹಾಗಾದರೆ ಸ್ಕೋಡಾ ಯಾರು? ಎಮಿಲ್ ಸ್ಕೋಡಾ ಪಿಲ್ಸೆನ್ ಊರಿನ ಎಂಜಿನಿಯರ್. 1869ರಲ್ಲಿ ಅಲ್ಲಿ ಒಂದು ಕಾರ್ಖಾನೆ ಕೊಂಡು, ಫಿರಂಗಿ ಮತ್ತು ದೊಡ್ಡ ಯಂತ್ರಗಳಿಗೆ ಹೆಸರಾಗುವಂತೆ ಬೆಳೆಸಿದವರು. ತೀರಿಕೊಂಡಿದ್ದು 1900ರಲ್ಲಿ. 1924ರಲ್ಲಿ ಲೌರಿನ್-ಕ್ಲೆಮೆಂಟ್ ಕಾರ್ಖಾನೆಗೆ ಬೆಂಕಿ ಬಿದ್ದು, 1925ರಲ್ಲಿ ಅದು ಪಿಲ್ಸೆನ್ ಕಂಪನಿಯಲ್ಲಿ ಸೇರಿಹೋಯಿತು. ಅಂದರೆ ಇವತ್ತು ಯಾರ ಹೆಸರಿನಲ್ಲಿ ಕಾರು ಓಡುತ್ತಿದೆಯೋ ಆ ಮನುಷ್ಯ ತನ್ನ ಹೆಸರಿನ ಒಂದು ಕಾರನ್ನೂ ನೋಡಿರಲಿಲ್ಲ.

ಆಮೇಲಿನದು ಯುರೋಪಿನ ಎಲ್ಲ ಊರುಗಳ ಕತೆಯೇ. ಜರ್ಮನ್ ಆಕ್ರಮಣ, ಯುದ್ಧ ಸಾಮಗ್ರಿ. ಜರ್ಮನಿ ಶರಣಾದ ಮೇಲೆ, 1945ರ ಮೇ 9ರಂದು, ಈ ಊರಿನ ಮೇಲೆ ಬಾಂಬ್ ಬಿತ್ತು. ನಂತರ ಕಾರ್ಖಾನೆ ಸರ್ಕಾರದ ಪಾಲಾಯಿತು. 1959ರಲ್ಲಿ ಮೊದಲ ಆಕ್ಟೇವಿಯಾ ಬಂತು. 'ಎಂಟನೆಯದು' ಅನ್ನೋ ಅರ್ಥದಿಂದ ಬಂದ ಹೆಸರಂತೆ. ಮ್ಯೂಸಿಯಂನಲ್ಲಿ ಅದನ್ನು ನೋಡಿ ನನಗೆ ಸಣ್ಣ ಆಘಾತ. ನಮ್ಮ ಬೀದಿಯ ಕಪ್ಪು ಕಾರಿನ ಅಜ್ಜಿ ಗುಂಡಗೆ, ಮುದ್ದಾಗಿ, ಹಳೆಯ ಫಿಯೆಟ್ ಥರ ಕೂತಿದ್ದಳು.

ಮಧ್ಯಾಹ್ನ ಅವರ ಮನೆಗೆ ಹೋದೆವು. ನಾನು ಮಾಂಸ ತಿನ್ನಲ್ಲ, ಬಿಯರ್ ಕುಡಿಯಲ್ಲ ಅಂತ ಮಗ ವಿವರಿಸಿದ. ಅವರಪ್ಪ ನನ್ನ ಮುಖ ನೋಡಿ ದೊಡ್ಡದಾಗಿ ನಿಟ್ಟುಸಿರಿಟ್ಟು "ಶ್ಕೋಡಾ!" ಅಂದರು. ನಾನು ಕಾರಿನ ಮಾತು ಶುರುವಾಯಿತು ಅಂದುಕೊಂಡೆ. ಮಗ ಬಿದ್ದು ಬಿದ್ದು ನಕ್ಕ. ಚೆಕ್ ಭಾಷೆಯಲ್ಲಿ ಆ ಪದಕ್ಕೆ ನಷ್ಟ, 'ಅಯ್ಯೋ ಪಾಪ' ಅಂತ ಅರ್ಥವಂತೆ! ಅಂಥ ಹೆಸರಿಟ್ಟುಕೊಂಡು ಒಂದು ಶತಮಾನ ಕಾರು ಮಾರಿದ್ದಾರೆ ಅಂದ್ರೆ ಮೆಚ್ಚಲೇಬೇಕು. ಕರಿದ ಚೀಸ್ ಮತ್ತು ಆಲೂಗಡ್ಡೆ ಬಡಿಸಿದರು.

ಸಾಗರದ ಆಕ್ಟೇವಿಯಾ ಕತೆಯನ್ನು ಅವರು ಎರಡು ಸಲ ಹೇಳಿಸಿಕೊಂಡರು. ಜೋಕುಗಳ ಬಗ್ಗೆ ಕೇಳಿದ್ದಕ್ಕೆ ಮಾತ್ರ ಮುಖ ಸ್ವಲ್ಪ ಬಿಗಿಯಾಯಿತು. ಅವರು ಹೇಳಿದ್ದನ್ನು ಮಗ ಇಂಗ್ಲಿಷಿಗೆ ಮಾಡಿದ: "ನಗೋರು ನಗ್ತಿದ್ರು. ನಾನು ನನ್ನ 120 ಕಾರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದಿದ್ದೆ. ಎಂಜಿನ್ ಹಿಂದಿರೋ ಡಿಸೈನ್ ಹಳೇದಾಯ್ತು ಅಂತ ನಮಗೂ ಗೊತ್ತಿತ್ತು. ಹೊಸದಕ್ಕೆ ಮೇಲಿನವರು ದುಡ್ಡು ಕೊಡಬೇಕಲ್ಲ?" ನನಗೆ ಸ್ಕೂಟರ್‌ಗೆ ಬುಕ್ ಮಾಡಿ ಕಾದಿದ್ದ ನಮ್ಮ ಅಜ್ಜ ನೆನಪಾದರು. ಅವರು ಇನ್ನೊಂದು ಮಾತೂ ಸೇರಿಸಿದರು. ಅದೇ ಹಿಂದಿನ ಎಂಜಿನ್‌ನ '130 ಆರ್‌ಎಸ್' 1977ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ತನ್ನ ಕ್ಲಾಸಿನಲ್ಲಿ ಗೆದ್ದಿತ್ತು. ಆ ಎಂಜಿನಿಯರ್‌ಗಳಿಗೆ ಕೆಲಸ ಬರ್ತಿರಲಿಲ್ಲ ಅನ್ನೋದು ಸುಳ್ಳು.

1987ರಲ್ಲಿ ಎಂಜಿನ್ ಮುಂದಕ್ಕೆ ಬಂದ 'ಫೇವರಿಟ್' ಬಂತು, ವಿನ್ಯಾಸ ಇಟಲಿಯ ಬೆರ್ಟೋನೆಯದು. 1989ರಲ್ಲಿ ಕಮ್ಯುನಿಸ್ಟ್ ಸರ್ಕಾರ ಬಿತ್ತು. ಸ್ಕೋಡಾಕ್ಕೆ ಪಾಲುದಾರ ಬೇಕಿತ್ತು. ಫ್ರಾನ್ಸಿನ ರೆನೋ ಕೂಡ ಪೈಪೋಟಿಯಲ್ಲಿತ್ತು, 1991ರಲ್ಲಿ ಗೆದ್ದಿದ್ದು ಜರ್ಮನಿಯ ಫೋಕ್ಸ್‌ವ್ಯಾಗನ್. 2000ದ ಹೊತ್ತಿಗೆ ಪೂರ್ತಿ ಅವರದೇ ಆಯಿತು. "ಮೊದಲು ಜರ್ಮನ್‌ನಲ್ಲಿ ಬರೀರಿ ಅಂದ್ರು, ನಾವು ಸೈಕಲ್ ಮಾಡಿದ್ವಿ. ನೂರು ವರ್ಷ ಆದ್ಮೇಲೆ ನಾನು ಸಂಜೆ ಸಂಜೆ ಜರ್ಮನ್ ಕ್ಲಾಸಿಗೆ ಹೋದೆ" ಅಂದು ಅವರೇ ನಕ್ಕರು. ಅದರಲ್ಲಿ ಕಹಿ ಇತ್ತಾ ಅಂತ ನನಗೆ ಗೊತ್ತಾಗಲಿಲ್ಲ. ಕೆಲಸ ಉಳಿಯಿತು, ಊರು ಉಳಿಯಿತು, ಅದನ್ನು ಅವರು ಮುಚ್ಚಿಡಲಿಲ್ಲ. ಕಾರು ಎಷ್ಟು ಸುಧಾರಿಸಿತೆಂದರೆ, 2000ದಲ್ಲಿ ಬ್ರಿಟನ್ನಿನ ಜಾಹೀರಾತುಗಳಲ್ಲಿ ಕಂಪನಿಯೇ ತನ್ನನ್ನು ಗೇಲಿ ಮಾಡಿಕೊಂಡಿತು. ಇಷ್ಟು ಚೆಂದದ ಕಾರು ಸ್ಕೋಡಾದ್ದು ಅಂದರೆ ಜನ ನಂಬೋದೇ ಇಲ್ಲ ಅನ್ನೋದೇ ಅದರ ತಿರುಳು.

ಭಾರತಕ್ಕೆ ಆಕ್ಟೇವಿಯಾ ಬಂದಿದ್ದು 2001ರಲ್ಲಿ, ಔರಂಗಾಬಾದ್ ಪ್ಲಾಂಟಿನಿಂದ. ಹಳೆಯ ಜೋಕುಗಳು ಗೊತ್ತಿಲ್ಲದ ನಾವು ಅದನ್ನು ಸೀದಾ ಸಾಹುಕಾರರ ಪಟ್ಟಿಗೆ ಸೇರಿಸಿದೆವು. ಮೇಂಟೆನೆನ್ಸ್ ದುಬಾರಿ ಅನ್ನೋ ನಮ್ಮದೇ ಬೇರೆ ಮಾತನ್ನೂ ಅಂಟಿಸಿದೆವು. ಈಗ ಇಲ್ಲಿಗಾಗಿಯೇ ಮಾಡುವ ಕುಶಾಕ್, ಕೈಲಾಕ್ ಕಾರುಗಳಿಗೆ ಸಂಸ್ಕೃತದಿಂದ ಹೆಸರು ತೆಗೆದಿದ್ದಾರೆ.

ರಾತ್ರಿ ರೂಮಿಗೆ ಬಂದು ಲ್ಯಾಪ್‌ಟಾಪ್ ತೆರೆದು ಆ ಟಿಕೆಟ್ ಹುಡುಕಿದೆ. ಅವತ್ತು ತೆರೆಯದೇ ಬಿಟ್ಟಿದ್ದ ಫೋಟೋ ಈಗ ತೆರೆದೆ. ಮಡಚಿದ ಒಂದು ಬಿಲ್. ಅಕ್ಕಿ, ಸಕ್ಕರೆ ಇಂಗ್ಲಿಷ್ ಅಕ್ಷರಗಳಲ್ಲಿವೆ. ಮೂರನೇ ಸಾಲಿಗೆ ಕಾಗದ ಖಾಲಿ. ಪಕ್ಕದಲ್ಲಿ ಪೆನ್ನಿನಲ್ಲಿ ಬರೆದಿದ್ದರು: 'ಶೇಂಗಾ'. ಅವರು ಆ ಐಟಂ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದ್ದರು, ಕನ್ನಡ ಅಕ್ಷರ ಬಂದ ಕೂಡಲೇ ನಮ್ಮ ಪ್ರಿಂಟ್ ಕೋಡ್ ಸತ್ತು ಬೀಳುತ್ತಿತ್ತು. ಚೆಕ್ ಅಕ್ಷರಗಳ ತಲೆಯ ಮೇಲಿನ ಕೊಂಬುಗಳಿಗೆ ಇದೇ ತೊಂದರೆ ಬಂದಾಗ ಪ್ರಾಗ್ ಟೀಮ್ ಎರಡು ವರ್ಷದ ಹಿಂದೆಯೇ ಸರಿಪಡಿಸಿತ್ತು. ಕನ್ನಡಕ್ಕೆ ಯಾರೂ ಕೇಳಿರಲಿಲ್ಲ. ಕೇಳಿದ ಒಬ್ಬರಿಗೆ ನಾನು ಇಂಗ್ಲಿಷಿನಲ್ಲಿ ಕೇಳಿ ಅಂದಿದ್ದೆ.

ಗ್ರಾಹಕರ ಅಕೌಂಟ್ ನಿಂತುಹೋಗಿತ್ತು. ನಂಬರ್ ಇತ್ತು. ಸೋಮವಾರ ಬೆಳಗ್ಗೆ, ಅಲ್ಲಿ ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತು ನೋಡಿ ಫೋನ್ ಮಾಡಿದೆ. ತಪ್ಪು ನನ್ನದೇ, ಈಗ ಸರಿ ಮಾಡ್ತಾ ಇದ್ದೀನಿ ಅಂದೆ.

"ಈಗ ಬ್ಯಾರೆ ಕಂಪನೀದು ಹಾಕ್ಸೇವ್ರಿ. ಅದರಾಗ ಶೇಂಗಾ ಬರ್ತೈತಿ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆದ್ರೂ ಫೋನ್ ಮಾಡಿದ್ರೆಲ್ಲ. ಎಲ್ಲಿಂದ ಮಾತಾಡಾಕತ್ತೀರಿ?" ಅಂತ ಕೇಳಿದರು.

"ಪ್ರಾಗ್‌ನಿಂದ."

"ಎಲ್ಲಿ ಬರ್ತೈತ್ರಿ ಅದು?"

"ಸ್ಕೋಡಾ ಕಾರು ಗೊತ್ತಲ್ಲ ಸರ್, ಆ ಕಾರಿನ ದೇಶ."

"ಅದು ಜರ್ಮನ್ ಕಾರ್ ಅಲ್ರೀ?"