ಪಾಳು ಎಂದು ಬರೆದ ನೆಲದಲ್ಲಿ ಕಂಡವರು

ಕಾಡುಪ್ರಾಣಿ ಅಂದ ತಕ್ಷಣ ನಮ್ಮ ಗದಗ ಜಿಲ್ಲೆಯ ಹುಡುಗರಿಗೂ ಬಂಡೀಪುರ, ನಾಗರಹೊಳೆ ನೆನಪಾಗುತ್ತವೆ. ಹುಲಿ, ಆನೆ, ಸಫಾರಿ ಜೀಪು. ಆಫ್ರಿಕಾದ ಸಿಂಹ ಬೇಟೆಯಾಡುವುದನ್ನು ಮೊಬೈಲಿನಲ್ಲಿ ಹತ್ತು ಸಲ ನೋಡಿರುತ್ತಾರೆ. ಊರ ಹಿಂದಿನ ದಿಬ್ಬದಲ್ಲಿ ನರಿ ಮರಿ ಹಾಕಿದ್ದು ಮಾತ್ರ ಗೊತ್ತಿರುವುದಿಲ್ಲ. ಇದು ಅವರ ಮೇಲಿನ ದೂರಲ್ಲ. ಆ ಮರಿಗಳ ವಿಡಿಯೋ ಯಾರೂ ಹಾಕಿರುವುದಿಲ್ಲ, ಅಷ್ಟೇ.

ನಾವು ನಾಲ್ವರು ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರು. ಸುದ್ದಿಗೆ ಓಡಾಡಲು ಸೈಕಲ್ ಹಿಡಿದೆವು. ಪರಿಸರದ ಮೇಲಿನ ಪ್ರೀತಿಯಿಂದ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ನಿಜವಾದ ಕಾರಣ ಪೆಟ್ರೋಲಿನ ಖರ್ಚು. ಸೈಕಲ್ ಹೋಗದ ಹೊಲದ ದಾರಿಯಲ್ಲಿ ಅದನ್ನು ಒಡ್ಡಿಗೆ ಆನಿಸಿಟ್ಟು ನಡೆಯುತ್ತೇವೆ. ಹೀಗೆ ಎರಡು ವರ್ಷ ತಿರುಗಿದ ಮೇಲೆ, ಹುಡುಕಿಕೊಂಡು ಹೋದ ಸುದ್ದಿಗಿಂತ ದಾರಿಯಲ್ಲಿ ಸಿಕ್ಕ ಜೀವಗಳ ಟಿಪ್ಪಣಿಯೇ ನಮ್ಮ ನೋಟ್‌ಬುಕ್ಕಿನಲ್ಲಿ ಹೆಚ್ಚಾಯಿತು. ದಿನ, ಜಾಗ, ಕಂಡದ್ದು ಏನು, ಅದು ಏನು ಮಾಡುತ್ತಿತ್ತು. ಇಷ್ಟೇ ಬರೆಯುತ್ತೇವೆ. ಈ ನೋಟ್‌ಬುಕ್ಕು ಒಂದು ದಿನ ಗ್ರಾಮ ಸಭೆಗೆ ಬೇಕಾಗುತ್ತದೆ ಎಂದು ಆಗ ಅಂದುಕೊಂಡಿರಲಿಲ್ಲ.

ಸೈಕಲ್ಲಿಗೆ ಒಂದು ಗುಣವಿದೆ. ನೀಲಕಂಠ ಹಕ್ಕಿ ಕರೆಂಟಿನ ತಂತಿಯ ಮೇಲೆ ಕೂತಿರುತ್ತದಲ್ಲ, ನಮ್ಮ ರಾಜ್ಯದ ಪಕ್ಷಿ, ಅದರ ಕೆಳಗೇ ಪೆಡಲ್ ತುಳಿಯುತ್ತ ಹೋಗಿ ನೋಡಿ. ಕುತ್ತಿಗೆ ಕೂಡ ತಿರುಗಿಸುವುದಿಲ್ಲ. ಬ್ರೇಕ್ ಹಾಕಿ ಒಂದು ಕಾಲು ನೆಲಕ್ಕಿಟ್ಟಿರೋ, ಹಾರಿತು. ಹಾರುವಾಗಲೇ ರೆಕ್ಕೆಯ ನೀಲಿ ಕಾಣುವುದು, ಅದು ಬೇರೆ ಮಾತು. ದನ ಹೊಡೆದುಕೊಂಡು ಹೋಗುವವರು, ಬುತ್ತಿ ಹೊತ್ತವರು, ಸೈಕಲ್ಲಿನವರು ಎಲ್ಲರೂ ದಾರಿಹೋಕರು ಎಂಬುದು ಅದಕ್ಕೆ ಗೊತ್ತು. ನಿಂತು ದಿಟ್ಟಿಸಿ ನೋಡುವವನ ಮೇಲೇ ಅದಕ್ಕೆ ಅನುಮಾನ. ನಾವೂ ಹಾಗೇ ಅಲ್ಲವೆ, ಮನೆ ಮುಂದೆ ಯಾರಾದರೂ ಸುಮ್ಮನೆ ನಿಂತರೆ ಯಾರಪ್ಪಾ ಎಂದು ಹೊರಗೆ ಬರುತ್ತೇವೆ.

ಹಳ್ಳದ ಸೇತುವೆಯ ಹತ್ತಿರ ಹೆಚ್ಚಾಗಿ ಕಾಣುವುದು ಕೇರೆ ಹಾವು. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಕಪ್ಪೆಗಳು ರಸ್ತೆ ದಾಟುತ್ತವೆ, ಅವುಗಳ ಹಿಂದೆ ಹಾವು, ಹಾವಿನ ಹಿಂದೆ ಟ್ರ್ಯಾಕ್ಟರಿನ ಗಾಲಿ. ಮರುದಿನ ಬೆಳಿಗ್ಗೆ ನಡೆದು ಬಂದರೆ ಸತ್ತವುಗಳನ್ನು ದಾಟಿಕೊಂಡೇ ಬರಬೇಕು. ಕೇರೆಗೆ ವಿಷವಿಲ್ಲ, ಇಲಿ ತಿಂದು ಬದುಕುವ ಹಾವು ಎಂದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತು. ಆದರೂ ಉದ್ದ ನೋಡಿ ನಾಗರ ಎಂದು ಬಡಿಗೆ ಎತ್ತುತ್ತೇವೆ. ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂಬ ಮಾತೂ ಇದೆ. ಹಾವಿನ ಬಾಯಿಯ ರಚನೆಯಲ್ಲಿ ಹೀರಿ ಕುಡಿಯಲು ಬರುವುದಿಲ್ಲ. ಕೊಟ್ಟಿಗೆಗೆ ಅದು ಬರುವುದು ಇಲಿಗಾಗಿ.

ಇನ್ನು ಟಿಟ್ಟಿಭ. ಆಕಾಶ ಬಿದ್ದೀತೆಂದು ಕಾಲು ಮೇಲೆ ಮಾಡಿ ಮಲಗುತ್ತದೆ ಎಂದು ಅಜ್ಜಂದಿರು ಹೇಳುವ ಅದೇ ಹಕ್ಕಿ. ರಸ್ತೆ ಪಕ್ಕ ಸುರಿದ ಕಡಿ, ಹೊಲದ ಬದು, ದಿಬ್ಬದ ಗರಸು ಮಣ್ಣು, ಎಲ್ಲಿ ಬಯಲಿದೆಯೋ ಅಲ್ಲಿ ಮೊಟ್ಟೆ ಇಡುತ್ತದೆ. ಗೂಡು ಎಂಬುದೇ ಇಲ್ಲ, ಸಣ್ಣ ತಗ್ಗು, ಸುತ್ತ ನಾಲ್ಕು ಹರಳು. ಮೊಟ್ಟೆಗಳ ಬಣ್ಣ ಹರಳುಗಳದೇ ಬಣ್ಣ. ಬೇಸಿಗೆಯ ಮಧ್ಯಾಹ್ನ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ, ಅವು ಬೇಯಬಾರದು ಎಂದು. ನಾವು ಇದನ್ನು ಮೊದಲು ಕಂಡಾಗ ಕೆರೆಯಲ್ಲಿ ಮೀಯುತ್ತಿದೆ ಎಂದುಕೊಂಡು ನೋಡುತ್ತ ನಿಂತಿದ್ದೆವು. ಒಬ್ಬ ಹಿರಿಯ ರೈತರು, "ಅದು ಜಳಕಲ್ಲಪಾ, ಬಾಳಂತಿ ಕೆಲಸ" ಎಂದರು.

ಅದೇ ಹಿರಿಯರು ಇನ್ನೊಂದು ಮಾತು ಹೇಳಿದರು. ಎತ್ತು ಕಟ್ಟಿ ಕುಂಟೆ ಹೊಡೆಯುವಾಗ ಹಕ್ಕಿ ಚೀರುತ್ತ ಮುಂದೆ ಮುಂದೆ ಬಂದರೆ ಮೊಟ್ಟೆ ಇದೆ ಎಂದು ತಿಳಿಯುತ್ತಿತ್ತಂತೆ. ಕುಂಟೆ ಎತ್ತಿ ಒಂದು ಮಾರು ಬಿಟ್ಟು ಮುಂದೆ ಹೋಗುತ್ತಿದ್ದರಂತೆ. "ಈಗ ಟ್ರ್ಯಾಕ್ಟರ್ ಸಪ್ಪಳದಾಗ ಅದು ಎಷ್ಟ್ ಚೀರಿದ್ರೂ ನಮಗ ಕೇಳಂಗಿಲ್ಲ." ಇದರಲ್ಲಿ ಟ್ರ್ಯಾಕ್ಟರಿನವನನ್ನು ಬೈಯಲು ನಮಗೆ ಮನಸ್ಸಿಲ್ಲ. ಎರಡು ಎತ್ತು ಸಾಕುವ ಖರ್ಚು ಏನೆಂದು ಬೈಯುವವರಿಗೆ ಗೊತ್ತಿರುವುದಿಲ್ಲ.

ಎರೆ ಹೊಲಗಳಲ್ಲಿ ಚಿಗರಿ ಕಾಣುತ್ತವೆ. ಪುಸ್ತಕದಲ್ಲಿ ಕೃಷ್ಣಮೃಗ ಎಂದು ಬರೆಯುತ್ತಾರೆ, ನಮಗೆ ಅದು ಚಿಗರಿಯೇ. ಕಪ್ಪು ಬೆನ್ನಿನ ಗಂಡು, ತಿರುಚಿದ ಕೋಡು, ಸುತ್ತ ಕಂದು ಬಣ್ಣದ ಹೆಣ್ಣುಗಳು. ಬೆಳಗಿನ ಇಬ್ಬನಿಯಲ್ಲಿ ಕಡಲೆ ಹೊಲದ ಆಚೆ ಒಂದರ ಹಿಂದೆ ಒಂದು ಜಿಗಿಯುತ್ತ ಹೋಗುವುದನ್ನು ನೋಡಿದರೆ ಪೆಡಲ್ ತುಳಿಯುವುದು ಮರೆಯುತ್ತದೆ. ಆದರೆ ಆ ಕಡಲೆ ಹೊಲ ಯಾರದ್ದೋ. ಹೆಸರು ಮೊಳಕೆ ಒಡೆದಾಗ, ಕಡಲೆ ಎಳೆಯದಿದ್ದಾಗ ಹೊಲದಲ್ಲೇ ಮಲಗಿ ರಾತ್ರಿಯೆಲ್ಲ ಡಬ್ಬಿ ಬಡಿಯುವವರ ಮುಂದೆ ಚಿಗರಿಯ ಚಂದ ವರ್ಣಿಸುವುದು ನಮ್ಮಿಂದಾಗದು. ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬಹುದು. ಹಾನಿಯಾದ ದಿನವೇ ಹೊಲದ ಫೋಟೊ ತೆಗೆದಿಡಿ. ಹಾಕಿದವರೆಲ್ಲರಿಗೂ ಬೇಗ ಸಿಕ್ಕಿದೆ ಎಂದೇನೂ ನಾವು ಹೇಳುತ್ತಿಲ್ಲ. ಮನೆಯ ಕರೆಂಟನ್ನು ನೇರ ಬೇಲಿಯ ತಂತಿಗೆ ಬಿಡುವುದಂತೂ ಬೇಡವೇ ಬೇಡ. ಅದು ಅಪರಾಧ. ಆ ತಂತಿಗೆ ಚಿಗರಿ ಯಾವುದು, ಮನೆಯ ಮಗ ಯಾರು ಎಂಬುದು ತಿಳಿಯುವುದಿಲ್ಲ.

ಈ ಚಿಗರಿಗಳು ಹಗಲು ಎಲ್ಲಿರುತ್ತವೆ? ಹುಲ್ಲಿನ ದಿಬ್ಬದಲ್ಲಿ. ಹೊಲದ ಮಧ್ಯೆ ಮೇಯಲು ಹುಲ್ಲು, ಮರಿ ಅಡಗಿಸಿಡಲು ಜಾಗ ಉಳಿದಿರುವುದು ಅಲ್ಲಿ ಮಾತ್ರ. ತಾಯಿ ಚಿಗರಿ ಹುಟ್ಟಿದ ಮರಿಯನ್ನು ಮೊದಲ ಕೆಲವು ದಿನ ಹುಲ್ಲಿನಲ್ಲಿ ಮಲಗಿಸಿ ತಾನು ದೂರ ಮೇಯುತ್ತದೆ. ಮರಿ ಅಲ್ಲಾಡದೆ ಬಿದ್ದಿರುತ್ತದೆ. ಅಂಥದ್ದನ್ನು ಕಂಡರೆ ತಾಯಿ ಬಿಟ್ಟುಹೋಗಿದೆ ಎಂದು ಎತ್ತಿಕೊಂಡು ಮನೆಗೆ ತರಬೇಡಿ. ನಾಯಿ ಜೊತೆಗಿದ್ದರೆ ಹಿಡಿದುಕೊಂಡು ಬೇಗ ಅಲ್ಲಿಂದ ಹೋಗಿಬಿಡಿ.

ತೋಳವನ್ನು ಈ ಎರಡು ವರ್ಷದಲ್ಲಿ ನಾವು ಕಂಡದ್ದು ಒಂದೇ ಸಲ. ಬೆಳಕು ಹರಿಯುವ ಹೊತ್ತು, ದಿಬ್ಬದ ಏಣಿನ ಮೇಲೆ. ಮೊದಲು ನಾಯಿ ಎಂದುಕೊಂಡೆವು. ನಾಯಿ ನಿಂತು, ಮೂಸಿ, ಅತ್ತಿತ್ತ ಹೋಗುತ್ತದೆ. ಇದು ಬಾಲ ಇಳಿಬಿಟ್ಟು, ದಾರ ಹಿಡಿದ ಹಾಗೆ ಒಂದೇ ಗೆರೆಯಲ್ಲಿ ನಡೆದು ಆಚೆ ಇಳಿಯಿತು. ಅಲ್ಲೇ ಹಟ್ಟಿ ಹಾಕಿದ್ದ ಕುರಿಗಾರ ಕಾಕಾನಿಗೆ ಓಡಿ ಹೋಗಿ ಹೇಳಿದರೆ ಆತ ಬೀಡಿಯ ಬೂದಿ ಕೊಡವಿ, "ನಿನ್ನೆ ರಾತ್ರಿಯಿಂದ ಅದ. ನಮ್ಮ ನಾಯಿಗೂ ಗೊತ್ತು" ಎಂದ. ಹೋದ ವರ್ಷ ಎರಡು ಮರಿ ಒಯ್ದಿತ್ತಂತೆ. ಸಿಟ್ಟಿಲ್ಲವೆ ಎಂದು ಕೇಳಿದೆವು. "ಸಿಟ್ಟ್ ಬರ್ತದ. ಆದ್ರ ದಿಬ್ಬ ಹೋದ್ರ ತ್ವಾಳಾನೂ ಹೋಗ್ತದ, ನನ್ನ ಕುರೀನೂ ಹೋಗ್ತಾವ." ನಮ್ಮ ನೋಟ್‌ಬುಕ್ಕಿನಲ್ಲಿ ಆ ದಿನದ ಪುಟದಲ್ಲಿ ತೋಳದ ಬಗ್ಗೆ ಎರಡು ಸಾಲಿದೆ, ಕಾಕಾನ ಮಾತು ಪೂರ್ತಿ ಇದೆ.

ದಿಬ್ಬ ಹೋಗುವ ಮಾತು ಆಗಲೇ ಊರಲ್ಲಿ ಓಡಾಡುತ್ತಿತ್ತು. ಯಾವುದೋ ಕಂಪನಿಗೆ ಕೊಡುತ್ತಾರಂತೆ, ಬೇಲಿ ಹಾಕುತ್ತಾರಂತೆ. ಕಾಗದ ತೆಗೆಸಿ ನೋಡಿದೆವು. ಊರ ದಿಬ್ಬ ಗೋಮಾಳ. ಪಕ್ಕದಲ್ಲಿ ಷರಾ: "ಪಾಳು, ಬಳಕೆಯಲ್ಲಿಲ್ಲ." ಬರೆದವರು ಯಾವ ತಿಂಗಳಲ್ಲಿ ಬಂದಿದ್ದರೋ. ಬೇಸಿಗೆಯಲ್ಲಿ ಜೀಪಿನಿಂದ ನೋಡಿದರೆ ಅಲ್ಲಿ ಒಣ ಹುಲ್ಲು, ನಾಲ್ಕು ಜಾಲಿ, ಎರಡು ಬಾರಿ ಗಿಡ. ಬರೀ ನೆಲ. ನಡೆದು ಹೋದರೆ ನರಿಯ ಬಿಲ, ಒಂದಕ್ಕೆ ನಾಲ್ಕು ಬಾಯಿ. ಬಾಲದ ತುದಿ ಕಪ್ಪಾದ ಆ ಸಣ್ಣ ನರಿ ಸಂಜೆ ಬಿಲದ ಬಾಯಲ್ಲಿ ಕೂತು ಬಿಸಿಲು ಕಾಯುತ್ತದೆ. ಉಡ, ಮುಂಗುಸಿ, ಮೊಲ, ಗೌಜಲಕ್ಕಿ. ನೆಲದಿಂದ ನೇರ ಮೇಲಕ್ಕೇರಿ ಹಾಡುತ್ತ ಇಳಿಯುವ ಗುಬ್ಬಿಯಷ್ಟು ಹಕ್ಕಿಗಳು. ಚಳಿಗಾಲದಲ್ಲಿ ಬಹು ದೂರದಿಂದ ಬಂದು ಹುಲ್ಲಿನ ಮೇಲೆ ತೇಲುತ್ತ ಮಿಡತೆ ಹಿಡಿಯುವ ಉದ್ದ ರೆಕ್ಕೆಯ ಗಿಡುಗ.

ಗೋಮಾಳದ ಲೆಕ್ಕ ಹೇಗೆ ಎಂದು ತಲಾಟಿಯವರು ವಿವರಿಸಿದರು. ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಅದು ಹೆಚ್ಚುವರಿ, ಬೇರೆಯದಕ್ಕೆ ಕೊಡಲು ಬರುತ್ತದೆ. ಈಗ ನೋಡಿ. ಟ್ರ್ಯಾಕ್ಟರ್ ಬಂತು, ಎತ್ತು ಕಡಿಮೆಯಾದವು. ಎತ್ತು ಕಡಿಮೆಯಾದಂತೆ ಕಾಗದದ ಮೇಲೆ ಹೆಚ್ಚುವರಿ ನೆಲ ಬೆಳೆಯುತ್ತ ಹೋಗುತ್ತದೆ. ದಿಬ್ಬ ಇದ್ದಷ್ಟೇ ಇದೆ. ಈ ಲೆಕ್ಕದಲ್ಲಿ ನರಿಗೆ ಗುಂಟೆಯಿಲ್ಲ, ಟಿಟ್ಟಿಭಕ್ಕೆ ಗುಂಟೆಯಿಲ್ಲ, ಚಿಗರಿಗೂ ಇಲ್ಲ. ದಿಬ್ಬ ಹೋದರೆ ಆ ಚಿಗರಿ ಸಾಯುವ ಮೊದಲು ಹೊಲಕ್ಕೇ ಬರುತ್ತದೆ ಎಂಬುದನ್ನು ಡಬ್ಬಿ ಬಡಿಯುವವರು ನಮಗಿಂತ ಬೇಗ ಹೇಳಿದರು.

ಗ್ರಾಮ ಸಭೆಯಲ್ಲಿ ನೋಟ್‌ಬುಕ್ಕು ತೆಗೆದು ಓದಿದೆವು. ಮೊದಲು ನಗು. "ಏನ್ರೀ, ನರಿಗೂ ಆಧಾರ್ ಕಾರ್ಡ್ ಮಾಡಿಸ್ತೀರೇನು" ಎಂದರು ಯಾರೋ. ಓದುತ್ತ ಹೋದಂತೆ ಜನರೇ ಸೇರಿಸಲು ಶುರು ಮಾಡಿದರು. ಉಡ ಆ ಬಂಡೆಯ ಕೆಳಗೂ ಇದೆ. ಮೊಲ ನಮ್ಮ ಒಡ್ಡಿನಲ್ಲೂ ಇದೆ. ಕಟ್ಟಿಗೆಗೆ ಹೋಗುವ ಹೆಂಗಸರು ಹೇಳಿದ ಮೂರು ಬಿಲ ನಮಗೇ ಗೊತ್ತಿರಲಿಲ್ಲ. ಆಮೇಲೆ ನಮ್ಮಲ್ಲೊಬ್ಬಳು ಎದ್ದು, ಪಂಚಾಯ್ತಿಯ ಜೀವವೈವಿಧ್ಯ ದಾಖಲಾತಿ ಪುಸ್ತಕ ತೋರಿಸಿ ಎಂದು ಕೇಳಿದಳು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರವರನ್ನೇ ಕೇಳಿ ಅಂಥ ದಾಖಲಾತಿ ಮಾಡಬೇಕು. ಪುಸ್ತಕ ಬೀರುವಿನಿಂದ ಹೊರಗೆ ಬಂತು. ಚೆನ್ನಾಗಿ ಬೈಂಡ್ ಆಗಿತ್ತು. ಅದರಲ್ಲಿ ನಮ್ಮ ಊರಲ್ಲಿಲ್ಲದ ಮರಗಳ ಹೆಸರಿದ್ದವು, ದಿಬ್ಬದ ಹೆಸರೇ ಇರಲಿಲ್ಲ. ನಿಮ್ಮ ಪಂಚಾಯ್ತಿಯಲ್ಲೂ ಒಮ್ಮೆ ಕೇಳಿ ನೋಡಿ. ನೋಡುವ ಹಕ್ಕು ನಿಮಗಿದೆ.

ನಮ್ಮ ಜಿಲ್ಲೆಯದೇ ಒಂದು ಒಳ್ಳೆಯ ಉದಾಹರಣೆಯಿದೆ. ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಅಲ್ಲಿ ಕಳೆಯುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳಲ್ಲಿ ಒಂದಾಯಿತು. ಆ ದಿನ ನಮಗೂ ಹೆಮ್ಮೆಯಾಯಿತು. ಕೆರೆಯ ಅದೃಷ್ಟವೆಂದರೆ ನೀರು ಎಲ್ಲರ ಕಣ್ಣಿಗೆ ಕಾಣುತ್ತದೆ, ಸಾವಿರ ಹಕ್ಕಿ ಒಟ್ಟಿಗೆ ಏಳುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ. ಹುಲ್ಲಿನ ದಿಬ್ಬದ ಫೋಟೊ ತೆಗೆದರೆ ಹುಲ್ಲೇ ಬರುತ್ತದೆ.

ಸಭೆಯಲ್ಲಿ ತೀರ್ಮಾನವಾಗಲಿಲ್ಲ. ಜಮೀನು ಕೊಡುವ ವಿಷಯ ಮುಂದಿನ ಸಭೆಗೆ ಹೋಯಿತು, ದಾಖಲಾತಿಗೆ ದಿಬ್ಬವನ್ನು ಸೇರಿಸಬೇಕೆಂದು ನಡವಳಿಯಲ್ಲಿ ಬರೆಸಿದ್ದೇವೆ. ಬರೆದ ಪುಟದ ಫೋಟೊ ನಮ್ಮ ನಾಲ್ವರ ಮೊಬೈಲಿನಲ್ಲೂ ಇದೆ. ಸರ್ವೆಯವರು ಬಂದು ನೆಟ್ಟ ಸುಣ್ಣ ಬಳಿದ ಕಲ್ಲುಗಳು ಈಗಲೂ ಅಲ್ಲೇ ಇವೆ. ಮೂಡಣ ಮೂಲೆಯ ಕಲ್ಲಿನಿಂದ ಎರಡು ಮಾರು ದೂರದಲ್ಲಿ ಈ ವಾರ ಟಿಟ್ಟಿಭ ನಾಲ್ಕು ಮೊಟ್ಟೆ ಇಟ್ಟಿದೆ. ಕುರಿಗಾರ ಕಾಕಾ ಸುತ್ತ ಜಾಲಿ ಮುಳ್ಳು ಹಾಕಿದ್ದಾನೆ, ಕುರಿ ತುಳಿಯಬಾರದೆಂದು. ಮುಂದಿನ ಸಭೆಯ ದಿನ ಇನ್ನೂ ಗೊತ್ತಾಗಿಲ್ಲ.