ಗೆಳೆಯನ ಗಾಡಿ

ಸಣ್ಣ ಸುಳ್ಳಿಗೆ ಸಾಮಾನ್ಯವಾಗಿ ಸಾಕ್ಷಿಗಳಿರುವುದಿಲ್ಲ. ಸಂಜೆಯ ಹೊತ್ತಿಗೆ ಹೇಳಿದವನಿಗೂ ಅದು ಮರೆತಿರುತ್ತದೆ. ಆದರೆ ಕೆಲವು ವರ್ಷಗಳ ಹಿಂದೆ ಕುಮಟಾ ತಾಲೂಕಿನ ಹಿರೇಗುತ್ತಿಗೆ ಬಂಧುಗಳ ಮನೆಯ ಮದುವೆಗೆಂದು ಬಂದಿದ್ದ ಧಾರವಾಡದ ಅಧ್ಯಾಪಕರೊಬ್ಬರಿಗೆ ಅಂಥದೊಂದು ಸುಳ್ಳು, ನಾಲಗೆಯ ಮೇಲೆ ಬರುವ ಮೊದಲೇ, ದಾರಿಗಡ್ಡವಾಗಿ ನಿಂತಿತು.

ಮದುವೆಗೆ ಮುನ್ನ ಒಂದು ದಿನ ಬಿಡುವಿತ್ತು. ಅಷ್ಟರಲ್ಲಿ ಗೇರುಸೊಪ್ಪೆಗೆ ಹೋಗಿಬರಬೇಕೆಂಬುದು ಅವರ ಅಪೇಕ್ಷೆ. ಶರಾವತಿಯ ಸಮೀಪದ ಕಾಡಿನಲ್ಲಿ, ನಗರಬಸ್ತಿಕೇರಿಯಲ್ಲಿ, ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ನಿಂತಿರುವ ಚತುರ್ಮುಖ ಬಸದಿಯನ್ನು ನೋಡಬೇಕೆಂದು ಅವರ ತಂದೆ ಬಹುಕಾಲ ಹೇಳುತ್ತಿದ್ದರು, ನೋಡದೆಯೇ ತೀರಿಕೊಂಡರು. ಮಗನಿಗೆ ಅದೊಂದು ತೀರದ ಸಾಲದಂತೆ ಉಳಿದಿತ್ತು. ಬಸ್ಸಿನಲ್ಲಾದರೆ ಕುಮಟೆಯಲ್ಲೊಮ್ಮೆ, ಹೊನ್ನಾವರದಲ್ಲೊಮ್ಮೆ ಇಳಿದು ಕಾಯಬೇಕು. ಸಂಜೆಯ ಶಾಸ್ತ್ರಗಳಿಗೆ ಮರಳಲೇಬೇಕು. ಆದುದರಿಂದ ಒಂದು ದಿನದ ಮಟ್ಟಿಗೆ ಮೋಟಾರ್ ಸೈಕಲ್ಲೊಂದನ್ನು ಬಾಡಿಗೆಗೆ ಪಡೆಯುವುದೆಂದು ನಿಶ್ಚಯಿಸಿದರು.

ಹಿರೇಗುತ್ತಿಯಲ್ಲಿ ಅದು ದೊರೆಯಲಿಲ್ಲ. ಗೋಕರ್ಣಕ್ಕೆ ಹೋಗಿ ಎಂದರು ಮನೆಯವರು. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣಗೊಂಡು ಪ್ರವಾಸಿಗರು ಹೆಚ್ಚಿದ ಮೇಲೆ ಅಲ್ಲಿ ಇಂಥ ವ್ಯವಹಾರಕ್ಕೆ ಅವಕಾಶ ಬೆಳೆದಿದೆ. ಬೆಳಗಿನ ಮೊದಲ ಬಸ್ಸಿಗೆ ಹೋದ ಅವರಿಗೆ ಮೊದಲನೆಯ ಕಡೆ ಎಲ್ಲವೂ ಹೋಗಿವೆ ಎಂಬ ಉತ್ತರ ಬಂತು. ಎರಡನೆಯ ಕಡೆ ಮೂರು ದಿನಕ್ಕೆ ಕಡಿಮೆ ಕೊಡುವುದಿಲ್ಲವೆಂದರು. ಮೂರನೆಯವನು ಒಪ್ಪಿದ; ಆದರೆ ಬಾಡಿಗೆ ಮುಂಗಡ, ಅದರ ಮೇಲೆ ಠೇವಣಿ, ಜೊತೆಗೆ ಚಾಲನಾ ಪರವಾನಿಗೆಯ ಮೂಲಪತ್ರವನ್ನು ಒತ್ತೆಯಿಡಬೇಕು. ಪರವಾನಿಗೆಯನ್ನು ಇಲ್ಲಿಟ್ಟು ಗಾಡಿ ನಡೆಸುವುದು ಹೇಗೆಂದು ಅಧ್ಯಾಪಕರು ಕೇಳಿದ ಮೇಲೆ ಮತದಾರರ ಗುರುತಿನ ಚೀಟಿಗೆ ಸಮ್ಮತಿಸಿದ. ಟ್ಯಾಂಕಿನಲ್ಲಿ ಬಂಕಿನವರೆಗೆ ತಲುಪುವಷ್ಟೇ ಪೆಟ್ರೋಲು. ಗಾಡಿಯ ಸುತ್ತ ಒಂದು ಸುತ್ತು ಬಂದು, ಹಳೆಯ ಗೀರುಗಳನ್ನೆಲ್ಲ ಚೀಟಿಯೊಂದರಲ್ಲಿ ಬರೆದು, ಇಬ್ಬರೂ ಸಹಿ ಮಾಡಿದರು. ಸಂಜೆ ವಾದವಾಗದಿರಲು ಇದೊಂದೇ ಉಪಾಯ.

ಹೊರಡುವಾಗ ಅವನು ಹೇಳಿದ: “ಯಾರಾದರೂ ತಡೆದು ಕೇಳಿದರೆ ಗೆಳೆಯನ ಗಾಡಿ ಎನ್ನಿ. ಬಾಡಿಗೆಯ ಮಾತು ಎತ್ತಬೇಡಿ.”

ಆಗ ಅವರು ಸಂಖ್ಯಾಫಲಕವನ್ನು ನೋಡಿದರು. ಬಿಳಿಯ ಮೇಲೆ ಕಪ್ಪು ಅಕ್ಷರ. ಅಂದರೆ ಸ್ವಂತ ಬಳಕೆಯ ವಾಹನ. ಬಾಡಿಗೆಗೆ ಪಡೆದು ತಾನೇ ನಡೆಸುವ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರಬೇಕು. ಗೋವೆಯಲ್ಲಿ ಇದು ಎಲ್ಲರೂ ಕಂಡದ್ದೇ. 1988ರ ಮೋಟಾರು ವಾಹನ ಕಾಯ್ದೆಯ ಅಡಿಯಲ್ಲಿ ಕೇಂದ್ರ ಸರಕಾರವು 1997ರಲ್ಲಿ ಮೋಟಾರ್ ಸೈಕಲ್ ಬಾಡಿಗೆಯ ಯೋಜನೆಯನ್ನೇ ರೂಪಿಸಿದೆ. ಅದರಂತೆ ಪರವಾನಿಗೆ ಬೇಕಾದವನು ರಹದಾರಿಯುಳ್ಳ ಕನಿಷ್ಠ 5 ವಾಹನಗಳನ್ನು ಹೊಂದಿರಬೇಕು. ಈತನಲ್ಲಿದ್ದುದು ಎರಡು, ಎರಡರ ಮೇಲೂ ಸಾಲ. ಆದುದರಿಂದ ಅವನು ಮೋಸಗಾರನೆಂದು ಅಧ್ಯಾಪಕರಿಗೆ ಅನ್ನಿಸಲಿಲ್ಲ. ಬಡವನಿಗೆ ಎಟುಕದ ಎತ್ತರದಲ್ಲಿ ನಿಯಮವಿದ್ದರೆ ಅವನು ಅದರ ಕೆಳಗೆ ನುಸುಳುತ್ತಾನೆ. ಹೀಗೆಂದು ಸಮಾಧಾನ ತಂದುಕೊಂಡು, ಶಿರಸ್ತ್ರಾಣ ತೊಟ್ಟು ಹೊರಟರು.

ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ದಾಟಿ, ಮಾದನಗೇರಿಯಲ್ಲಿ ಹೆದ್ದಾರಿ ಸೇರಿ, ಹಿರೇಗುತ್ತಿಯ ಬಳಿ ಬರುವಾಗ ಶಾಲೆಯ ಹೊತ್ತು. ಲಾರಿಯೊಂದರ ಮರೆಯಿಂದ ಪುಟ್ಟ ಹುಡುಗನೊಬ್ಬ ಚೀಲದೊಡನೆ ರಸ್ತೆಗೆ ಓಡಿದ. ಬ್ರೇಕು ಹಿಡಿಯಿತು, ಗಾಡಿ ಅವನಿಗಿಂತ ಒಂದು ಮಾರು ಹಿಂದೆ ನಿಂತಿತು. ಹುಡುಗ ನಕ್ಕು ಓಡಿಹೋದ. ಅಧ್ಯಾಪಕರು ಗಾಡಿಯನ್ನು ಬದಿಗೆ ನಿಲ್ಲಿಸಿ ಕುಳಿತರು, ಕೈ ನಡುಗುತ್ತಿತ್ತು.

ಅವರ ಮನಸ್ಸಿಗೆ ಬಂದುದು ಪೋಲೀಸರ ಭಯವಲ್ಲ. ಸ್ವಂತ ಬಳಕೆಗೆಂದು ವಿಮೆ ಮಾಡಿಸಿದ ವಾಹನವನ್ನು ರಹದಾರಿಯಿಲ್ಲದೆ ಬಾಡಿಗೆಗೆ ಓಡಿಸಿದ್ದರೆ, ಅದನ್ನೇ ಮುಂದಿಟ್ಟು ಹೊಣೆಯನ್ನು ನಿರಾಕರಿಸಲು ವಿಮಾ ಸಂಸ್ಥೆಗೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ಆ ಹುಡುಗನಿಗೆ ಪೆಟ್ಟಾಗಿದ್ದರೆ? ನಿಜ ಹೇಳಿದರೆ ಅವನ ಮನೆಯವರು ಪರಿಹಾರಕ್ಕಾಗಿ ವರ್ಷಗಟ್ಟಲೆ ಅಲೆಯಬೇಕಾದೀತು. ‘ಗೆಳೆಯನ ಗಾಡಿ’ ಎಂದರೆ ನ್ಯಾಯಾಧಿಕರಣದೆದುರಿಗೂ ಅದೇ ಸುಳ್ಳನ್ನು ಹೊರಬೇಕಾದೀತು. ತಮ್ಮ ಮತ್ತು ಮಾಲೀಕನ ನಡುವಿನ ಸಣ್ಣ ಒಪ್ಪಂದವೆಂದು ತಿಳಿದಿದ್ದುದರಲ್ಲಿ ಮೂರನೆಯವನೊಬ್ಬ ಮೊದಲಿನಿಂದಲೂ ಇದ್ದ. ಅವನನ್ನು ಯಾರೂ ಕೇಳಿರಲಿಲ್ಲ.

ಅವರು ಗಾಡಿ ತಿರುಗಿಸಿದರು. “ಕೆಟ್ಟಿತೇ?” ಎಂದ ಮಾಲೀಕ. “ಇಲ್ಲ, ಗಾಡಿ ಚೆನ್ನಾಗಿದೆ” ಎಂದರು. ಮುಂದಿನದನ್ನು ವಿವರಿಸಲು ಅವರಿಗೆ ಬರಲಿಲ್ಲ. ಚೀಟಿಯಂತೆ ಗೀರುಗಳನ್ನು ನೋಡಿ ಅವನು ಠೇವಣಿಯನ್ನೂ ಗುರುತಿನ ಚೀಟಿಯನ್ನೂ ಮರಳಿಸಿದ. ದಿನದ ಬಾಡಿಗೆಯನ್ನು ಅವನು ಕೊಡಲಿಲ್ಲ, ಇವರು ಕೇಳಲಿಲ್ಲ.

ಉಳಿದ ಅರ್ಧ ದಿನದಲ್ಲಿ ಬಸ್ಸು ಹಿಡಿದು ಮಿರ್ಜಾನಕ್ಕೆ ಹೋದರು. ಪೋರ್ಚುಗೀಸರಿಂದ ಕಾಳುಮೆಣಸಿನ ರಾಣಿಯೆನಿಸಿಕೊಂಡ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಅಲ್ಲಿನ ಕೆಂಪುಕಲ್ಲಿನ ಕೋಟೆಗೂ ಅಂಟಿಕೊಂಡಿದೆ. ಗೋಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತು, ಸಂಜೆಯ ಶಾಸ್ತ್ರಕ್ಕೆ ಮೊದಲೇ ಮನೆ ಸೇರಿದರು. ಗೇರುಸೊಪ್ಪೆ ನೋಡಿದಿರಾ ಎಂದು ಕೇಳಿದವರಿಗೆ, ಇಲ್ಲ ಎಂದಷ್ಟೇ ಹೇಳಿದರು.

ತಂದೆಯ ಬಯಕೆ ಇನ್ನೊಂದು ವರ್ಷ ಕಾಯಿತು. ಮರುವರ್ಷ ಹೊನ್ನಾವರದಲ್ಲಿ ಒಂದು ರಾತ್ರಿ ತಂಗಿ, ಬೆಳಗಿನ ಬಸ್ಸಿನಲ್ಲಿ ಹೋಗಿ, ಬಸದಿಯ ನಾಲ್ಕೂ ಬಾಗಿಲುಗಳೆದುರು ನಿಂತು ಬಂದರು. ಪುಣ್ಯಸ್ಥಳಕ್ಕೆ ಹೋಗುವ ಅವಸರವೂ ಅವಸರವೇ. ಗಮ್ಯವು ಒಳ್ಳೆಯದೆಂಬ ಕಾರಣಕ್ಕೆ ದಾರಿಯ ಲೆಕ್ಕ ಮನ್ನಾ ಆಗುವುದಿಲ್ಲ. ಒಂದು ದಿನದ ಬಾಡಿಗೆಗೆ ಅವರು ಕೊಂಡುಕೊಂಡದ್ದು ಈ ತಿಳಿವಳಿಕೆ. ದುಬಾರಿಯಾಯಿತೆಂದು ಅವರು ಎಂದೂ ಹೇಳಿದ್ದಿಲ್ಲ.